ಮಾತಿನ ಒಡೆತನ, ಮನೆಯ ಒಡೆತನ: ದೂರದರ್ಶನದ ನಗೆಧಾರಾವಾಹಿಗಳಲ್ಲಿ ಕುಟುಂಬಜೀವನ

ಕುಟುಂಬಜೀವನದ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗತಕ್ಕದ್ದು ಆಕರಗಳ ಅಭಾವ. ಅರಸರು ಬಿಟ್ಟ ದತ್ತಿ, ಕಟ್ಟಿಸಿದ ಕೆರೆ, ಗೆದ್ದ ಕಾಳಗ ಇವು ಕಲ್ಲಿನ ಮೇಲೆ ನಿಂತುವು. ಅಡಿಗೆಯ ಮನೆಯಲ್ಲಿ ಯಾರು ಯಾರಿಗೆ ಏನೆಂದರು, ಗಂಡನು ಹೆಂಡತಿಗೆ ಎಷ್ಟರಮಟ್ಟಿಗೆ ಅಂಜಿದನು, ಸೊಸೆ ಯಾವಾಗ ಬಾಯಿಬಿಟ್ಟಳು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಆದುದರಿಂದ ನಗೆಯ ಕೃತಿಗಳ ಕಡೆಗೆ ನಮ್ಮ ಗಮನ ಹೋಗುವುದು ಸಹಜ. ಜನ ಯಾವುದಕ್ಕೆ ನಕ್ಕರೋ ಅದು ಅವರಿಗೆ ಪರಿಚಿತವಾಗಿದ್ದಿರಬೇಕಷ್ಟೆ. ಆ ನ್ಯಾಯದಿಂದ ಕಳೆದ ನಾಲ್ಕು ದಶಕಗಳ ದೂರದರ್ಶನದ ನಗೆಧಾರಾವಾಹಿಗಳೂ ಚರಿತ್ರೆಯ ಸಾಮಗ್ರಿಯೇ ಸರಿ. ಆದರೆ ಅವು ಯಾವ ಕುಟುಂಬಕ್ಕೆ ಸಾಕ್ಷಿ, ಯಾವುದಕ್ಕೆ ಸಾಕ್ಷಿಯಲ್ಲ ಎಂಬ ವಿಚಾರ ಇನ್ನೂ ಸಾಕಷ್ಟು ನಡೆದಿಲ್ಲವಾಗಿ ಈ ಲೇಖನ.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಇಲ್ಲಿ ನಿಂತು ನೋಡುವ ಸ್ಥಳವಾಗಿ ಇಟ್ಟುಕೊಂಡಿದೆ. ೧೯೪೭ರವರೆಗೆ ಇಡೀ ಜಿಲ್ಲೆಗೇ ಕಡೂರಿನ ಹೆಸರಿದ್ದಿತು. ಅಜ್ಜಂಪುರವು ತರೀಕೆರೆಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದದ್ದು ತೀರ ಈಚೆಗೆ. ಕಡೂರಿನ ಬಯಲಿನಲ್ಲಿ ರಾಗಿ, ತೆಂಗು. ಅಜ್ಜಂಪುರದ ಎರೆನೆಲದಲ್ಲಿ ಈರುಳ್ಳಿ. ತರೀಕೆರೆಯಿಂದ ಲಕ್ಕವಳ್ಳಿಯತ್ತ ಸಾಗಿದರೆ ಅಡಕೆಯ ತೋಟ. ಮೂರೂ ಕಡೆ ಬಹುಪಾಲು ಮನೆಗಳು ಜಮೀನಿನ ಮನೆಗಳು. ಮದುವೆಯೆಂದರೆ ಇಲ್ಲಿ ಒಬ್ಬ ಹೆಣ್ಣು ಬರುವುದು ಮಾತ್ರವಲ್ಲ, ದುಡಿಯುವ ಎರಡು ಕೈ ಬರುವುದು; ಅಣ್ಣತಮ್ಮಂದಿರು ಬೇರೆಯಾಗುವುದೆಂದರೆ ಒಲೆ ಎರಡಾಗುವುದು ಮಾತ್ರವಲ್ಲ, ಬಾವಿಯ ನೀರಿಗೆ ಸರದಿ ಬರುವುದು. ಈ ಸೀಮೆಯಲ್ಲಿ ಕುಳಿತು ಧಾರಾವಾಹಿಗಳನ್ನು ನೋಡಿದವನಿಗೆ ಅವುಗಳೊಳಗೆ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದು ಬೇಗ ಗೋಚರಿಸುತ್ತದೆ.

ಆಶ್ಚರ್ಯವೆಂದರೆ, ಗೃಹಹಾಸ್ಯದ ವಿಷಯದಲ್ಲಿ ಈ ಸೀಮೆಗೆ ಬಹು ಹಿಂದಿನ ಹಕ್ಕೊಂದಿದೆ. ಜೈಮಿನಿಭಾರತದ ಕವಿ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂದು ಬಹುಮಂದಿ ವಿದ್ವಾಂಸರ ಮತ. (ಸುರಪುರದ ಪಕ್ಷ ವಹಿಸುವವರೂ ಇದ್ದಾರೆ, ಆ ವಾದ ಇಲ್ಲಿ ಬೇಡ.) ಹಿಂದೆ ಓದು ಬರುವವನೊಬ್ಬನಿದ್ದ ಹಳ್ಳಿಗಳಲ್ಲೆಲ್ಲ ಓದಿಸಿ ಕೇಳುತ್ತಿದ್ದ ಆ ಕಾವ್ಯದಲ್ಲಿ ಉದ್ದಾಲಕನ ಹೆಂಡತಿ ಚಂಡಿಯ ಕಥೆ ಬರುತ್ತದೆ. ಯಾಗದ ಕುದುರೆ ಒಂದು ಬಂಡೆಗೆ ಅಂಟಿಕೊಂಡು ನಿಲ್ಲಲು, ಅದರ ಕಾರಣವನ್ನು ಸೌಭರಿ ಮುನಿಯು ಅರ್ಜುನನಿಗೆ ಹೇಳುತ್ತಾನೆ. ಗಂಡ ಹೇಳಿದ್ದಕ್ಕೆಲ್ಲ ತದ್ವಿರುದ್ಧ ನಡೆಯುವುದು ಚಂಡಿಯ ಸ್ವಭಾವ. ಉಪಾಯ ತಿಳಿದ ಉದ್ದಾಲಕ ತನಗೆ ಬೇಕಾದುದನ್ನು ಬೇಡವೆನ್ನುತ್ತ ಹೋಗುತ್ತಾನೆ. ಪಿತೃಶ್ರಾದ್ಧ ಸಾಂಗವಾಗಿ ನಡೆಯುತ್ತದೆ. ಕೊನೆಗೆ ಸಂತೋಷದ ಭರದಲ್ಲಿ ಎಚ್ಚರ ತಪ್ಪಿ, ಪಿಂಡವನ್ನು ನೀರಿಗೆ ಹಾಕೆಂದು ನೇರವಾಗಿ ನುಡಿದುಬಿಡುತ್ತಾನೆ. ಅವಳು ಅದನ್ನು ತಿಪ್ಪೆಗೆ ಎಸೆಯುತ್ತಾಳೆ; ಶಾಪ ಬೀಳುತ್ತದೆ; ಹೆಂಡತಿ ಬಂಡೆಯಾಗುತ್ತಾಳೆ.

ಒಂದು ಮನೆ, ಇಬ್ಬರು ಮನುಷ್ಯರು, ಮತ್ತೆ ಮತ್ತೆ ಬಂದೊದಗುವ ಒಂದೇ ಸನ್ನಿವೇಶ, ಪ್ರತಿಸಲವೂ ಹೊಸ ಉಪಾಯ. ಇಂದಿನ ನಗೆಧಾರಾವಾಹಿಯ ಕಂತುಗಳ ಹೆಣಿಗೆ ಇದಕ್ಕಿಂತ ಬಹಳ ಬೇರೆಯಾಗಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗುರುತಿಸಬೇಕು. ಚಂಡಿಗೆ ಕಥೆಯ ಕೊನೆಯಲ್ಲಿ ಶಿಕ್ಷೆಯುಂಟು. ಧಾರಾವಾಹಿಯ ಹೆಂಡತಿಗೆ ಶಿಕ್ಷೆಯಿಲ್ಲ, ಏಕೆಂದರೆ ನಾಳೆ ಮತ್ತೆ ಅದೇ ಹೊತ್ತಿಗೆ ಅವಳು ಬೇಕು. ಆದರೆ ಇಬ್ಬರಿಗೂ ಕವಿ ಕೊಟ್ಟಿರತಕ್ಕ ಅಧಿಕಾರ ಒಂದೇ ಬಗೆಯದು. ಅದು ನಾಲಗೆಯ ಅಧಿಕಾರ. ಉದ್ದಾಲಕನ ಆಶ್ರಮ ಯಾರದೆಂಬ ಪ್ರಶ್ನೆಯನ್ನು ಚಂಡಿ ಎಂದೂ ಎತ್ತಲಿಲ್ಲ.

ಈ ಕಥೆಯಿಂದ ಧಾರಾವಾಹಿಗೆ ನೇರವಾಗಿ ಹಾರಲಾಗದು. ನಡುವೆ ಕನ್ನಡದ ಗೃಹಹಾಸ್ಯ ಜಮೀನಿನ ಮನೆಯನ್ನು ಬಿಟ್ಟು ಸಂಬಳದ ಮನೆಗೆ ಬಂದು ಸೇರಿತು. ಈ ವಲಸೆ ನಡೆದದ್ದು ಸುಮಾರಾಗಿ ೧೯೧೫ರಿಂದ ೧೯೪೫ರವರೆಗಿನ ಮೂವತ್ತು ವರ್ಷಗಳಲ್ಲಿ, ಹಳೆಯ ಮೈಸೂರಿನ ಪಟ್ಟಣಗಳಲ್ಲಿ. ಇದರ ಪ್ರಧಾನ ಪುರುಷ ಟಿ. ಪಿ. ಕೈಲಾಸಂ. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆಯಲ್ಲಿ ಗೆದ್ದ ಪುಟ್ಟುವೂ ಪರೀಕ್ಷೆಯಲ್ಲಿ ಸೋತು ಮನೆಯವರ ಸೇವೆಯಲ್ಲಿ ಗೆದ್ದ ಮಾಧುವೂ ಎದುರುಬದುರಾಗಿ ನಿಲ್ಲುತ್ತಾರೆ. ಆ ಮನೆಯಲ್ಲಿ ಆಸ್ತಿಯೆಂದರೆ ವಿದ್ಯೆ, ವಿದ್ಯೆಯ ಫಲವೆಂದರೆ ನೌಕರಿ. 'ಅಮ್ಮಾವ್ರ ಗಂಡ'ನಲ್ಲಿ ಗಂಡಹೆಂಡಿರ ಸ್ಥಾನಪಲ್ಲಟವೇ ನಗೆಯ ಮೂಲ. ಹೆಸರಿನಲ್ಲೇ ನಾಟಕವೆಲ್ಲ ಅಡಗಿದೆ. ಕೈಲಾಸಂ ೧೯೪೬ರಲ್ಲಿ ತೀರಿಕೊಂಡರು. ಅವರು ಕಟ್ಟಿಕೊಟ್ಟ ಪಡಸಾಲೆ ಮಾತ್ರ ಇಂದಿಗೂ ಬಾಡಿಗೆಗೆ ಹೋಗುತ್ತಲೇ ಇದೆ.

ಅಜ್ಜಂಪುರದ ಸೀತಾರಾಮ, ಅಂದರೆ 'ಆನಂದ'ರನ್ನು (೧೯೦೨-೧೯೬೩) ಈ ಸಂದರ್ಭದಲ್ಲಿ ನೆನೆಯುವುದು ಊರಿನ ಅಭಿಮಾನಕ್ಕಾಗಿ ಮಾತ್ರವಲ್ಲ. 'ನಾನು ಕೊಂದ ಹುಡುಗಿ'ಯಿಂದ ಅವರ ಹೆಸರು ಉಳಿದಿದೆಯಾದರೂ, ಅವರ ಬರವಣಿಗೆಯ ದೊಡ್ಡ ಪಾಲು ದಾಂಪತ್ಯದ ಸರಸವನ್ನು ಕುರಿತದ್ದು. ಅಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಮುನಿಸು, ಕೀಟಲೆ, ರಾಜಿ. ಅತ್ತೆಯಿಲ್ಲ, ದಾಯಾದಿಯಿಲ್ಲ, ಕಣವಿಲ್ಲ. ಈರುಳ್ಳಿಯ ನೆಲದಿಂದ ಬಂದ ಲೇಖಕರೇ ಕಥೆಯೊಳಗೆ ಜಮೀನನ್ನು ದಾಟಿ ಹೋದರೆಂಬುದು ಗಮನಾರ್ಹ. ದೂರದರ್ಶನ ಬರುವುದಕ್ಕೆ ಅರ್ಧಶತಮಾನ ಮೊದಲೇ ನಗೆಯ ಮನೆ ಇಬ್ಬರ ಮನೆಯಾಗಿದ್ದಿತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಇನ್ನೊಂದು ಘಟನೆ ನಡೆಯಿತು. ೧೯೩೩ರಲ್ಲಿ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಶಾಸನ ಜಾರಿಗೆ ಬಂದು, ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದೊಂದು ಅಂಶ ದೊರೆಯುವಂತಾಯಿತು. ಮದುವೆಯಾಗದ ಮಗಳಿಗೆ ಸಂದದ್ದು ಸೋದರನ ಪಾಲಿನ ಕಾಲುಭಾಗ. ಆದರೂ ಆ ದಿನಗಳಿಗೆ ಅದು ಸಣ್ಣ ಮಾತಲ್ಲ. ಹೆಣ್ಣು ಓದುವುದನ್ನೂ ಸಭೆಗೆ ಹೋಗುವುದನ್ನೂ ಕಂಡು ನಕ್ಕ ನಮ್ಮ ಪ್ರಹಸನ, ಹೆಣ್ಣು ಪಾಲು ಕೇಳುವುದನ್ನು ಕಂಡು ನಗಲಿಲ್ಲ. ನಗುವಷ್ಟು ನಿರಪಾಯದ ವಿಷಯ ಅದಲ್ಲವೆಂದು ತೋರಿರಬೇಕು. ೧೯೪೨ರಿಂದ ೧೯೬೭ರವರೆಗೆ ಡಾ. ಎಂ. ಶಿವರಾಂ ನಡೆಸಿದ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮನವರು ಬರೆದ ಲೇಖನಗಳಲ್ಲಿ ನಗುವವಳು ಹೆಣ್ಣಾದಳು, ನಗೆಗೀಡಾದವನು ಯಜಮಾನ. ಕನ್ನಡದ ಮನೆಯ ಹಾಸ್ಯದಲ್ಲಿ ಇದು ದೊಡ್ಡ ತಿರುವು. ದೂರದರ್ಶನವು ಕೈಲಾಸಂ ಅವರಿಂದ ಪಡೆದಷ್ಟನ್ನು ಸುನಂದಮ್ಮನವರಿಂದ ಪಡೆಯಲಿಲ್ಲವೆಂಬುದು ನನ್ನ ಅಭಿಪ್ರಾಯ, ಪಡೆದಿದ್ದರೆ ಚೆನ್ನಾಗಿತ್ತು.

ಇನ್ನು ದೂರದರ್ಶನದ ವಿಚಾರ. ಕರ್ನಾಟಕದ ಹಳ್ಳಿಗಳು ಮೊದಲು ಈ ಪೆಟ್ಟಿಗೆಯನ್ನು ಕಂಡದ್ದು ೧೯೭೫-೭೬ರ ಉಪಗ್ರಹ ಶಿಕ್ಷಣಪ್ರಯೋಗದಲ್ಲಿ. ಅದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಸೀಮಿತವಾಗಿದ್ದಿತು. ಬೆಂಗಳೂರು ಕೇಂದ್ರ ಆರಂಭವಾದುದು ೧೯೮೧ರ ನವೆಂಬರ್ ೧ರಂದು. ಅದರ ಪ್ರಸಾರ ರಾಜಧಾನಿಯ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ೧೯೮೪ರ ಸುಮಾರಿಗೆ ದೇಶದ ಉದ್ದಕ್ಕೂ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳೆದ್ದಾಗ, ಅವು ಉಪಗ್ರಹದಿಂದ ಇಳಿಸಿಕೊಟ್ಟದ್ದು ದೆಹಲಿಯ ಕಾರ್ಯಕ್ರಮವನ್ನು. ಇದರಿಂದ ಒಂದು ವಿಚಿತ್ರ ಪರಿಣಾಮವುಂಟಾಯಿತು. 'ಸಿಹಿ ಕಹಿ'ಯಂತಹ ಮೊದಮೊದಲ ಕನ್ನಡ ಧಾರಾವಾಹಿಗಳು ಬೆಂಗಳೂರಿನವರ ಮನೆಮಾತಾಗುತ್ತಿದ್ದ ಕಾಲಕ್ಕೆ (ಅದರ ಹೆಸರು ಚಂದ್ರು, ಗೀತಾ ಇಬ್ಬರು ಕಲಾವಿದರಿಗೂ ಅಂಟಿಕೊಂಡು ಕೊನೆಗೆ ಅವರು ಸತಿಪತಿಗಳೇ ಆದರು), ಒಳನಾಡಿನ ಜನ ದೂರದರ್ಶನದಲ್ಲಿ ಕಂಡ ನಗೆಯ ಕುಟುಂಬ ಹಿಂದಿಯದು. ೧೯೮೪ರ 'ಯೇ ಜೋ ಹೈ ಜಿಂದಗಿ'ಯ ತರುಣ ದಂಪತಿಗಳೂ ಅವರೊಡನಿದ್ದ ಹೆಂಡತಿಯ ತಮ್ಮನೂ ಮಾತು ತಿಳಿಯದ ಮನೆಗಳಲ್ಲಿಯೂ ಪರಿಚಿತರಾದರು. ಹೆಂಡತಿಯ ತಮ್ಮ ಬಂದು ಉಳಿಯುವುದು ಎಲ್ಲ ಭಾಷೆಗಳಲ್ಲಿಯೂ ಅರ್ಥವಾಗತಕ್ಕ ಸಂಗತಿ.

೧೯೮೬-೮೭ರಲ್ಲಿ ಶಂಕರನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಈ ಸೀಮೆಗೆ ಸ್ವಲ್ಪ ಹತ್ತಿರ ಬಂದಿತು. ಆಗುಂಬೆಯಲ್ಲಿ ಚಿತ್ರೀಕರಣ, ಮಾಲ್ಗುಡಿಯ ರೈಲು ನಿಲ್ದಾಣವಾಗಿ ನಟಿಸಿದ್ದು ಅರಸಾಳು. ಬೀರೂರಿನಿಂದ ಕವಲೊಡೆದು ತರೀಕೆರೆ, ಶಿವಮೊಗ್ಗಗಳ ಮೇಲೆ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲೇ ಅದಿದೆ. ಇದು ಪೂರ್ತಿ ನಗೆಧಾರಾವಾಹಿಯಲ್ಲ. ಆದರೂ ಸ್ವಾಮಿಯ ಮನೆಯನ್ನು ನೋಡಿದರೆ ನಾವು ಹೇಳುತ್ತಿರುವ ವಿಷಯ ಸ್ಪಷ್ಟವಾಗುತ್ತದೆ. ಗಿರೀಶ ಕಾರ್ನಾಡರ ತಂದೆ ವಕೀಲ, ವೈಶಾಲಿ ಕಾಸರವಳ್ಳಿಯವರ ತಾಯಿ ಮಿತಭಾಷಿಣಿ, ಮೂಲೆಯಲ್ಲೊಬ್ಬಳು ಅಜ್ಜಿ. ಮಲೆನಾಡಿನ ತೊಟ್ಟಿಯ ಮನೆಯೊಳಗೆ ಪಟ್ಟಣದ ಸಂಪಾದನೆಯ ಕುಟುಂಬವನ್ನು ತಂದು ಕೂರಿಸಿದ್ದಾರೆ. ಮರದ ಕಂಬಗಳು ಜಮೀನಿನ ಮನೆಯವು. ಅವುಗಳ ನಡುವೆ ಓಡಾಡುವ ಬದುಕು ಸಂಬಳದ ಮನೆಯದು. ನೋಡುವವರಿಗೆ ಇದು ಅಸಂಗತವೆಂದು ತೋರಲಿಲ್ಲ, ಅಷ್ಟು ಸೊಗಸಾಗಿ ಮೂಡಿದೆ.

ರಮೇಶ್ ಭಟ್ಟರ ಹೆಸರಿನೊಡನೆ ಸೇರಿಕೊಂಡಿರುವ 'ಕ್ರೇಜಿ ಕರ್ನಲ್' ಮೊದಲಾದವುಗಳನ್ನು ಇಲ್ಲಿ ಹೆಸರಿಸಿ ಮುಂದೆ ಸಾಗುತ್ತೇನೆ. ನಮ್ಮ ವಿಷಯಕ್ಕೆ ಮುಖ್ಯವಾದ ಕಾಲ ಖಾಸಗಿ ವಾಹಿನಿಗಳದು. ಉದಯ ೧೯೯೪ರಲ್ಲಿಯೂ ಈಟಿವಿ ಕನ್ನಡ ೨೦೦೦ದ ಡಿಸೆಂಬರಿನಲ್ಲಿಯೂ ಆರಂಭವಾಗಿ, ವಾರಕ್ಕೊಮ್ಮೆ ಬರುತ್ತಿದ್ದ ಕುಟುಂಬವು ದಿನದಿನವೂ ಬರತೊಡಗಿತು. ಇಲ್ಲಿ ತಯಾರಿಕೆಯ ವಿಧಾನವನ್ನು ಸ್ವಲ್ಪ ವಿವರಿಸುವುದು ಅವಶ್ಯ. ದಿನಕ್ಕೊಂದು ಕಂತು ಬೇಕಾದರೆ ದಿನಕ್ಕೊಂದು ಕಂತನ್ನಾದರೂ ಚಿತ್ರಿಸಬೇಕು. ಊರೂರು ತಿರುಗುವ ವ್ಯವಧಾನವೂ ಹಣವೂ ಇಲ್ಲ. ಆದುದರಿಂದ ಒಂದು ಹಜಾರ, ಒಂದು ಸೋಫಾ, ಮೇಲಕ್ಕೆ ಹೋಗುವ ಒಂದು ಮೆಟ್ಟಿಲಸಾಲು, ಒಳಗೆಲ್ಲೋ ಅಡಿಗೆಮನೆ. ಅಮೆರಿಕದಲ್ಲಿ ೧೯೫೧ರಲ್ಲಿ ಆರಂಭವಾದ 'ಐ ಲವ್ ಲೂಸಿ' ಸ್ಟುಡಿಯೋದ ಹಜಾರವೊಂದನ್ನು ಪ್ರೇಕ್ಷಕರೆದುರಿಗೆ ಮೂರು ಕ್ಯಾಮರಾಗಳಿಂದ ಏಕಕಾಲದಲ್ಲಿ ಚಿತ್ರಿಸಿ ಈ ಪದ್ಧತಿಗೆ ದಾರಿ ಹಾಕಿತು. ನಮ್ಮಲ್ಲಿಯೋ, ಕೈಲಾಸಂ ರಂಗದ ಪಡಸಾಲೆ ಅದಾಗಲೇ ಸಿದ್ಧವಾಗಿದ್ದಿತು.

ಮನೆ ಒಂದೇ ಆದ ಮೇಲೆ ಜನರೆಲ್ಲ ಅಲ್ಲಿಗೇ ಬರಬೇಕು. ಮಾವ, ಸೋದರತ್ತೆ, ಬಾಡಿಗೆಯವನು, ಪಕ್ಕದ ಮನೆಯವಳು, ಊರಿನಿಂದ ಗಂಟು ಹೊತ್ತು ಬಂದ ನೆಂಟ, ಎಲ್ಲರೂ ಒಂದೇ ಸೋಫಾದ ಸುತ್ತ ಸೇರುತ್ತಾರೆ. ಕನ್ನಡದ ಧಾರಾವಾಹಿಗಳಲ್ಲಿ ಅವಿಭಕ್ತ ಕುಟುಂಬ ಇನ್ನೂ ಜೀವಂತವಾಗಿದೆಯೆಂದು ಇದನ್ನು ನೋಡಿ ಬರೆದವರುಂಟು. ಆ ತೀರ್ಮಾನ ಸರಿಯಲ್ಲ. ಅವಿಭಕ್ತವಾಗಿರುವುದು ಕುಟುಂಬವಲ್ಲ, ಚಿತ್ರೀಕರಣದ ಸ್ಥಳ. ಚರಿತ್ರಕಾರನು ಖರ್ಚಿನ ಲೆಕ್ಕವನ್ನು ಸಮಾಜದ ಸ್ಥಿತಿಯೆಂದು ಓದಿಕೊಳ್ಳಬಾರದು.

ಸಿಹಿಕಹಿ ಚಂದ್ರು ಅವರು ಈಟಿವಿಗಾಗಿ ನಿರ್ಮಿಸಿದ 'ಪಾಪ ಪಾಂಡು' ಈ ಬಗೆಯದರಲ್ಲಿ ಅಗ್ರಗಣ್ಯ. ಚಿದಾನಂದರ ಪಾಂಡು ಸಾಧು. ಶಾಲಿನಿಯವರ ಶ್ರೀಮತಿ ಗಟ್ಟಿಗಿತ್ತಿ. ಅವಳ ಗದರಿಕೆ, ಅವನ ನಡುಕ, ಮಾವನ ಒಗ್ಗರಣೆ. ಸಾವಿರಕ್ಕೆ ಮೇಲ್ಪಟ್ಟ ಕಂತುಗಳು ಇದರ ಮೇಲೆಯೇ ನಡೆದುವು. ಅವಳಿಗೆ ಇಟ್ಟ ಹೆಸರನ್ನು ಗಮನಿಸಿರಿ. ಶ್ರೀಮತಿ ಎಂಬುದು ಹೆಸರಿನ ಮುಂದೆ ಬರತಕ್ಕ ಮಾತು. ಮುಂದೆ ಗಂಡನ ಹೆಸರಿರಬೇಕೆಂದು ಅದು ಕಾದುಕೊಂಡಿರುತ್ತದೆ. ಮನೆಯನ್ನು ಆಳುವವಳಿಗೆ ಸ್ವಂತ ಹೆಸರೇ ಇಲ್ಲವೆಂಬ ಈ ಚಮತ್ಕಾರ ಬರೆದವರ ಉದ್ದೇಶವೋ ಅಲ್ಲವೋ, ನಮ್ಮ ವಾದಕ್ಕಂತೂ ಬೇಕಾದಷ್ಟಾಯಿತು. ವಿಜಯಪ್ರಸಾದರು ನಿರ್ದೇಶಿಸಿದ 'ಸಿಲ್ಲಿ ಲಲ್ಲಿ'ಯಲ್ಲಿ ರವಿಶಂಕರ ಗೌಡರ ಡಾಕ್ಟರ್ ವಿಠಲರಾಯನಷ್ಟೇ ಜನಪ್ರಿಯಳಾದವಳು ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ. ಹೊಸಿಲು ದಾಟಿದ ಹೆಣ್ಣು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ನಗೆಯ ವಸ್ತುವೇ. ಕೈಲಾಸಂ ಕಾಲದ ಸುಶಿಕ್ಷಿತ ಹೆಂಡತಿ ಬೇರೆ ಸೀರೆಯುಟ್ಟು ಬಂದಿದ್ದಾಳೆ, ಅಷ್ಟೆ. ಇಷ್ಟು ಹೇಳಿ, ಅವಳ ಠೀವಿಯನ್ನು ನೋಡಿ ನಾನೂ ಮನಸಾರೆ ನಕ್ಕವನೆಂಬುದನ್ನು ಮರೆಮಾಚಲಾರೆ. ಕೆಟ್ಟ ಸಾಕ್ಷಿಯಾದುದು ಕೆಟ್ಟ ಹಾಸ್ಯವಾಗಬೇಕೆಂದೇನೂ ಇಲ್ಲ.

ಇಲ್ಲಿ ಕಾಲವನ್ನು ಜೋಡಿಸಿ ನೋಡಬೇಕು. ೧೯೯೪ರ ಜುಲೈ ೩೦ರಿಂದ ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಶಾಸನದ ತಿದ್ದುಪಡಿ ಜಾರಿಗೆ ಬಂದು, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳು ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಸಮಾನರಾದರು. ೨೦೦೫ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನೂ ಅಳಿಸಿತು. ಅದರ ಅರ್ಥದ ಬಗೆಗಿದ್ದ ಸಂದೇಹಗಳನ್ನು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಪರಿಹರಿಸಿತು. ಕನ್ನಡದ ನಗೆಧಾರಾವಾಹಿಯ ಉತ್ಕರ್ಷದ ಕಾಲವೂ ಹೆಚ್ಚುಕಡಿಮೆ ಇದೇ. ತರೀಕೆರೆಯ ಕಡೆಯ ತೋಟದ ಮನೆಗಳಲ್ಲಿ ಇದರ ಪರಿಣಾಮ ಎಲ್ಲರಿಗೂ ಗೊತ್ತಿರತಕ್ಕದ್ದು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕರೆಸುತ್ತಾರೆ. ಊಟ, ಸೀರೆ, ಅರಿಶಿನಕುಂಕುಮ. ಮಾರನೆಯ ದಿನ ಉಪನೋಂದಣಿ ಕಚೇರಿಯಲ್ಲಿ ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ. ಸಹಿ ಹಾಕಿದವಳಿಗೆ ತೌರಿನ ಬಾಗಿಲು ತೆರೆದಿರುತ್ತದೆ. ಹಾಕದವಳಿಗೆ ಗೌರಿಹಬ್ಬದ ಬಾಗಿನ ತಪ್ಪುತ್ತದೆ. ನಾಟಕೀಯತೆಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಕ್ಕೀತೆ? ಕೈಲಾಸಂ ಇದ್ದಿದ್ದರೆ ಆ ಊಟದ ಪಂಕ್ತಿಯೊಂದರಲ್ಲೇ ಒಂದಂಕ ಬರೆಯುತ್ತಿದ್ದರೇನೋ. ಆದರೆ ಪಾಂಡುವಿನ ಮನೆಗೆ ತಂಗಿಯೊಬ್ಬಳು ಪಾಲು ಕೇಳುತ್ತ ಬಂದರೆ ನಗೆ ನಿಂತುಹೋಗುತ್ತದೆ. ಆ ಮನೆಯಲ್ಲಿ ಹೆಂಡತಿ ಎಷ್ಟು ಬೇಕಾದರೂ ಗುಡುಗಬಹುದು, ಏಕೆಂದರೆ ಯಾವ ಕಾಗದವೂ ಅದರಿಂದ ಬದಲಾಗುವುದಿಲ್ಲ.

ಕಾಗದ ಬದಲಾಗುವ ಕಥೆಗಳನ್ನು ವಾಹಿನಿಗಳು ಕಣ್ಣೀರಿನ ಧಾರಾವಾಹಿಗಳಿಗೆ ಬಿಟ್ಟುಕೊಟ್ಟುವು. ಟಿ. ಎನ್. ಸೀತಾರಾಂ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಡಗೂಡಿ ೧೯೯೮ರಲ್ಲಿ ನೀಡಿದ 'ಮಾಯಾಮೃಗ', ಆ ಮೇಲೆ ಬಂದ 'ಮುಕ್ತ' ಮುಂತಾದುವುಗಳಲ್ಲಿ ಕಾನೂನೂ ನ್ಯಾಯಾಲಯವೂ ಮನೆಯ ಮಾತಾದುವು. ಹೀಗೆ ಒಂದೇ ಸಂಜೆ ಒಂದೇ ಮನೆಯವರು ಎರಡು ಕುಟುಂಬಗಳನ್ನು ನೋಡುತ್ತಿದ್ದರು. ಒಂದರಲ್ಲಿ ಹೆಣ್ಣಿಗೆ ಮಾತಿತ್ತು, ವ್ಯಾಜ್ಯವಿರಲಿಲ್ಲ. ಇನ್ನೊಂದರಲ್ಲಿ ವ್ಯಾಜ್ಯವಿತ್ತು, ನಗೆಯಿರಲಿಲ್ಲ. ಅಡಕೆ ಸುಲಿಯುವ ಸುಗ್ಗಿಯಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು, ವಿದ್ಯುತ್ತು ಇರುವಷ್ಟು ಹೊತ್ತು ಎರಡನ್ನೂ ಕೇಳಿಸಿಕೊಳ್ಳುತ್ತಿದ್ದ ಹೆಂಗಸರ ಮನೆಯಲ್ಲಿ ಅವೆರಡೂ ಬೆರೆತೇ ಇರುತ್ತವೆ. ಅಲ್ಲಿ ಅಮ್ಮ ಹೇಳಿದ್ದೇ ನಡೆಯುತ್ತದೆ; ಪಹಣಿ ಮಾತ್ರ ಅಪ್ಪನ ಹೆಸರಿನಲ್ಲಿರುತ್ತದೆ.

ಪರದೆಯ ಹಿಂದೆ ಸ್ಥಿತಿ ಬೇರೆಯಾಗಿದ್ದಿತು. ಕಥೆಯೊಳಗಿನ ಲೂಸಿ ಗಂಡನ ಸಂಪಾದನೆಯ ಮೇಲೆ ನಿಂತ ಗೃಹಿಣಿ. ಆ ಪಾತ್ರದ ಲೂಸಿಲ್ ಬಾಲ್ ಆದರೋ ೧೯೬೨ರಲ್ಲಿ, ವಿಚ್ಛೇದಿತ ಗಂಡನ ಪಾಲನ್ನು ಹಣಕೊಟ್ಟು ಕೊಂಡು ಚಿತ್ರಸಂಸ್ಥೆಯೊಂದಕ್ಕೆ ಒಡತಿಯಾದಳು. ನಮ್ಮ ಸೀಮೆಯ ಉದಾಹರಣೆ ಅಷ್ಟು ದೊಡ್ಡ ಮೊತ್ತದ್ದಲ್ಲವಾದರೂ ನನಗೆ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಹುಟ್ಟಿದ ಅಪರ್ಣಾ ಅವರು ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಪರಿಚಿತರಾಗಿ, ಆಕಾಶವಾಣಿ, ದೂರದರ್ಶನಗಳ ನಿರೂಪಣೆಯಲ್ಲಿ ಶುದ್ಧ ಕನ್ನಡಕ್ಕೆ ಮಾದರಿಯೆನಿಸಿದರು. ಬೆಂಗಳೂರಿನ ಮೆಟ್ರೋ ರೈಲಿನ ಪ್ರಕಟಣೆಗಳಿಗೂ ಅವರ ಕಂಠವನ್ನೇ ಆರಿಸಲಾಯಿತು. ೨೦೧೫ರಲ್ಲಿ ಆರಂಭವಾದ ಸೃಜನ್ ಲೋಕೇಶರ 'ಮಜಾ ಟಾಕೀಸ್'ನಲ್ಲಿ ಅವರು ವರಲಕ್ಷ್ಮಿಯ ಪಾತ್ರ ವಹಿಸಿದಾಗ, ಮೂರು ದಶಕಗಳ ಗಾಂಭೀರ್ಯವನ್ನು ತಾವೇ ಪಕ್ಕಕ್ಕಿಟ್ಟು ನಗಿಸಿದರು. ನಾಡಿಗೆಲ್ಲ ಪರಿಚಿತವಾದ ಕಂಠ ತನ್ನನ್ನೇ ಅಣಕಿಸಿಕೊಂಡದ್ದರಿಂದ ಆ ನಗೆಗೆ ತೂಕ ಬಂದಿತು. 'ಶ್ರೀಮತಿ'ಯ ಮಾತು ಬರೆದುಕೊಟ್ಟದ್ದು. ಇವರ ಮಾತು ದುಡಿದು ಗಳಿಸಿದ್ದು. ಅವರು ೨೦೨೪ರ ಜುಲೈ ೧೧ರಂದು ನಿಧನರಾದರು.

'ಪಾಪ ಪಾಂಡು' ೨೦೧೮ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಅದೇ ಜೋಡಿಯೊಡನೆ ಮರಳಿ ಬಂದಿತು. ನಡುವಿನ ವರ್ಷಗಳಲ್ಲಿ ಕೈಗೆ ಮೊಬೈಲು ಬಂದಿದ್ದಿತು, ಗೋಡೆಯ ಬಣ್ಣ ಬದಲಾಗಿದ್ದಿತು. ಗದರಿಕೆಯೂ ನಡುಕವೂ ಇದ್ದಲ್ಲಿಯೇ ಇದ್ದುವು. ಮುಂದೆ ಈ ವಿಷಯದಲ್ಲಿ ಕೆಲಸಮಾಡುವವರು ಧಾರಾವಾಹಿಯ ಕಂತುಗಳ ಜೊತೆಗೆ ಇನ್ನೊಂದು ಬಗೆಯ ಕಂತೆಯನ್ನೂ ಬಿಚ್ಚಬೇಕು. ಕಡೂರು, ತರೀಕೆರೆಗಳ ಉಪನೋಂದಣಿ ಕಚೇರಿಗಳಲ್ಲಿ ೧೯೯೪ರಿಂದೀಚೆಗೆ ನೋಂದಣಿಯಾದ ವಿಭಾಗಪತ್ರಗಳನ್ನೂ ಹಕ್ಕುಬಿಡುಗಡೆಯ ಪತ್ರಗಳನ್ನೂ ವರ್ಷವರ್ಷಕ್ಕೆ ಹೊಂದಿಸಿ, ಆಯಾ ವರ್ಷ ರಾತ್ರಿ ಎಂಟರಿಂದ ಹತ್ತರವರೆಗೆ ಮನೆಗಳಲ್ಲಿ ಏನು ನಡೆಯುತ್ತಿತ್ತೆಂಬುದರೊಡನೆ ಇಟ್ಟು ಓದಬೇಕು. ಆ ಪತ್ರಗಳಲ್ಲಿ ಶ್ರೀಮತಿ ಎಂಬ ಮಾತಿನ ಮುಂದೆ ಹೆಣ್ಣಿನ ಸ್ವಂತ ಹೆಸರಿರುತ್ತದೆ, ವಯಸ್ಸಿರುತ್ತದೆ, ತಂದೆಯ ಊರಿರುತ್ತದೆ, ಬಿಟ್ಟುಕೊಟ್ಟ ಸರ್ವೆ ನಂಬರಿರುತ್ತದೆ.